ಊರು ಹೊಸ ವಾಡಿಕೆಯನ್ನು ಕಲಿಯುವ ಬಗೆ: ಮಳೆಯ ನೀರಿನ ಪಾಠ

ನೆಲವನ್ನೂ ನೀರನ್ನೂ ಕೆಡಿಸದೆ ಬಾಳಬೇಕೆಂಬ ಮಾತನ್ನು ಈಗ ಒಪ್ಪದವರಿಲ್ಲ. ಪಾಠಪುಸ್ತಕಗಳಲ್ಲಿ ಅದಿದೆ, ಸಭೆಗಳ ಭಾಷಣಗಳಲ್ಲಿ ಅದಿದೆ, ನಮ್ಮ ಶಾಲೆಯ ಗೋಡೆಗಳ ಮೇಲೆ ಬಾಲಿಕೆಯರೇ ಬರೆದು ಅಂಟಿಸಿದ ಚಿತ್ರಗಳಲ್ಲಿಯೂ ಇದೆ. ಆದರೆ ಒಪ್ಪುವುದು ಬೇರೆ, ನಡೆಯಿಸುವುದು ಬೇರೆ. ಒಂದು ಊರಿನವರು ಮನೆಮನೆಯಲ್ಲಿಯೂ ದಿನದಿನವೂ ಮಾಡುತ್ತ ಬಂದ ಕೆಲಸವೊಂದನ್ನು ಬಿಟ್ಟು, ನೆಲಜಲಗಳು ಮುಂದಿನವರಿಗೂ ಉಳಿಯುವಂತಹ ಬೇರೊಂದು ರೀತಿಯನ್ನು ಹಿಡಿಯುವುದು ಯಾವಾಗ, ಯಾವುದರಿಂದ? ಈ ಪ್ರಶ್ನೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡಬೇಕೆಂದು ಬಹಳ ದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು. ಉಪದೇಶದಿಂದಲೇ ಎಂದು ಉಪಾಧ್ಯಾಯಿನಿಯರಾದ ನಾವು ಹೇಳಿದರೆ ನಮ್ಮ ಕಸುಬಿಗೆ ಶೋಭಿಸೀತು. ಆದರೆ ನಡೆದ ಸಂಗತಿಗಳನ್ನು ನೋಡಿದರೆ ಹಾಗೆ ಹೇಳಲು ಬಾಯಿ ಬಾರದು. ನಮ್ಮ ನೆರೆಯ ವಿಜಯನಗರದಲ್ಲಿಯೇ ಇದಕ್ಕೊಂದು ಒಳ್ಳೆಯ ನಿದರ್ಶನವಿರುವುದರಿಂದ, ದೂರ ದೇಶದ ಕಥೆಗಳನ್ನು ಅರಸುವ ಅಗತ್ಯವಿಲ್ಲ.

ವಾಡಿಕೆಯು ಬರುವ ಬಗೆಯನ್ನು ತಿಳಿಯುವುದಕ್ಕೆ ಮೊದಲು ಅದು ಹೋಗುವ ಬಗೆಯನ್ನು ತಿಳಿಯತಕ್ಕದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ಇದರ ಪಕ್ಕದಲ್ಲಿ ದೊಡ್ಡ ನದಿಯೊಂದಿಲ್ಲ. ಇಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಪೂರ್ವಕ್ಕೆ ದಕ್ಷಿಣ ಪಿನಾಕಿನಿಯ ಕಡೆಗೂ, ಮತ್ತೊಂದು ಪಾಲು ಪಶ್ಚಿಮಕ್ಕೆ, ಅಂದರೆ ನಮ್ಮ ಕಡೆಗೆ, ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹರಿದು ಹೋಗುವುದು. ಆದುದರಿಂದ 1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆಗಳನ್ನು ಕಟ್ಟಿಸಿದ ಕಾಲದಿಂದಲೂ ಇಲ್ಲಿಯವರ ಜೀವನವು ಕೆರೆಗಳ ಮೇಲೆಯೇ ನಿಂತಿತ್ತು. ಕೆಂಪಾಂಬುಧಿ, ಧರ್ಮಾಂಬುಧಿ ಮುಂತಾದ ಕೆರೆಗಳ ಹೆಸರನ್ನು ಕೇಳದವರಾರು? ಕೆರೆಯೆಂದ ಮೇಲೆ ಅದನ್ನು ಕಾಯುವ ವ್ಯವಸ್ಥೆಯೂ ಇರಬೇಕಷ್ಟೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೀರುಗಂಟಿ ಎಂಬವನಿದ್ದನು. ತೂಬನ್ನು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯವನ್ನು ಕೊಡುತ್ತಿದ್ದರು. ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಹೊಲಗಳಿಗೆ ಹಾಕುವುದು ವಾಡಿಕೆಯಾಗಿತ್ತು. ಆ ಕಾಲದವರು ನಮಗಿಂತ ಸಜ್ಜನರಾಗಿದ್ದರೆಂದು ನಾವು ಭಾವಿಸಬೇಕಾದುದಿಲ್ಲ. ಕೆರೆಯು ಅವರ ಕಣ್ಣಮುಂದೆಯೇ ಇತ್ತು. ಏರಿ ಒಡೆದರೆ ಬೆಳೆ ಹೋಗುತ್ತಿದ್ದುದು ಅವರದೇ. ಅಷ್ಟೇ ಸಾಕಾಗಿತ್ತು.

ಅನಂತರ ನಲ್ಲಿ ಬಂದಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಕೊಳವೆಯ ಮೂಲಕ ನೀರು ಹರಿಯಿತು. ಇದನ್ನು ಹಗುರವಾಗಿ ಮಾತನಾಡುವವರೊಡನೆ ನಾವು ಸೇರುವುದಿಲ್ಲ. ಶುದ್ಧವಾದ ನೀರು ಬಂದುದರಿಂದ ರೋಗಗಳ ಭೀತಿಯು ತಗ್ಗಿತು. ಸೊಂಟದ ಮೇಲೆ ಬಿಂದಿಗೆಯನ್ನಿಟ್ಟು ದಿನಕ್ಕೆ ಹತ್ತು ಸಲ ನಡೆಯುತ್ತಿದ್ದ ಹೆಂಗಸಿಗೆ ಬಿಡುವು ದೊರೆಯಿತು. ಹೆಣ್ಣುಮಕ್ಕಳು ಶಾಲೆಗೆ ಬರುವುದಕ್ಕೆ ಆ ಬಿಡುವೂ ಒಂದು ಕಾರಣವೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಆದರೆ ನಲ್ಲಿಯು ಉಪಕಾರದೊಡನೆ ಒಂದು ಮರೆವನ್ನೂ ತಂದಿತು. ನೀರು ಎಲ್ಲಿಂದ ಬರುವುದೆಂಬುದು ಕಣ್ಣಿಗೆ ಕಾಣದಾಯಿತು. ಧರ್ಮಾಂಬುಧಿ ಕೆರೆಯಿದ್ದ ಸ್ಥಳವು ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಿದ್ದ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು. ಇತ್ತ 1920ರ ದಶಕದಲ್ಲಿ ಹೆಸರಘಟ್ಟವೇ ಒಣಗಿತು. ಆಗ ಊರು ಇನ್ನಷ್ಟು ದೂರ ಹೋಗಿ, ಅರ್ಕಾವತಿ ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು 1933ರಲ್ಲಿ ಮುಗಿಸಿತು. ಅದೂ ಸಾಲದೆ 1974ರಲ್ಲಿ ಕಾವೇರಿಯ ನೀರನ್ನು ತಂದಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಮೂರು ಹಂತಗಳಲ್ಲಿ ಯಂತ್ರಗಳಿಂದ ಎತ್ತಿ ತಂದ ನೀರಿನಲ್ಲಿ ನಾವು ಮೋಟಾರು ಗಾಡಿಗಳನ್ನು ತೊಳೆಯುತ್ತ ಬಂದೆವು. ಆಕಾಶದಿಂದ ನಮ್ಮ ತಾರಸಿಯ ಮೇಲೆಯೇ ಬಿದ್ದ ನೀರನ್ನು ಮೋರಿಗೆ ಬಿಡುತ್ತ ಬಂದೆವು.

ಈಗ ವಿಜಯನಗರದ ನಿದರ್ಶನಕ್ಕೆ ಬರುವೆವು. ಶ್ರೀ ಎ. ಆರ್. ಶಿವಕುಮಾರ್ ಎಂಬವರು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಗಳಾಗಿದ್ದವರು. 1990ರ ದಶಕದ ಮಧ್ಯಭಾಗದಲ್ಲಿ ಅವರು ಇಲ್ಲಿ ಸ್ವಂತ ಮನೆಯನ್ನು ಕಟ್ಟಿಸಿದಾಗ, ಜಲಮಂಡಳಿಯ ಕೊಳವೆಯನ್ನು ನೆಚ್ಚದೆ ಮಳೆಯ ನೀರಿನಿಂದಲೇ ಸಂಸಾರವನ್ನು ನಡೆಯಿಸಬಹುದೇ ಎಂದು ವಿಚಾರಮಾಡಿದರು. ಇದು ಹುಚ್ಚು ಸಾಹಸವಲ್ಲ. ನಗರದ ಮಳೆಯ ಹಳೆಯ ದಾಖಲೆಗಳನ್ನು ತೆಗೆಯಿಸಿ, ಕೆಟ್ಟ ವರ್ಷಗಳಲ್ಲಿ ಕೂಡ ಎಷ್ಟು ಮಳೆ ಬಿದ್ದಿದೆ, ಒಂದು ಒಳ್ಳೆಯ ಮಳೆಗೂ ಮತ್ತೊಂದಕ್ಕೂ ನಡುವೆ ಎಷ್ಟು ದಿನಗಳ ಅಂತರ ಬೀಳುವುದು ಎಂಬುದನ್ನು ನೋಡಿದರು. ಆ ಅಂತರವು ಮೂರು ತಿಂಗಳಿಗೆ ಹೆಚ್ಚು ಕಡಿಮೆ ಸರಿಹೋಗುವುದೆಂದು ಕಂಡಿತು. ಹಾಗಾದರೆ ಅಷ್ಟು ದಿನಗಳಿಗೆ ಸಾಲುವಷ್ಟು ನೀರನ್ನು ಕೂಡಿಡುವ ತೊಟ್ಟಿಗಳಿದ್ದರೆ ಆಯಿತಲ್ಲ! ದಿನಕ್ಕೆ ಸುಮಾರು 400 ಲೀಟರ್ ವೆಚ್ಚವೆಂದು ಎಣಿಸಿ, ಎಲ್ಲ ತೊಟ್ಟಿಗಳೂ ಕೂಡಿ ಸುಮಾರು 45,000 ಲೀಟರ್ ಹಿಡಿಯುವಂತೆ ಏರ್ಪಡಿಸಿಕೊಂಡರು. ಬಟ್ಟೆ ಒಗೆದ ನೀರನ್ನು ಪಾಯಿಖಾನೆಗೆ ಬಳಸುವ ಉಪಾಯವನ್ನೂ ಮಾಡಿದರು. ಅಂದಿನಿಂದ ಆ ಮನೆಯು ಮಳೆಯ ನೀರಿನಲ್ಲಿಯೇ ಬಾಳುತ್ತ ಬಂದಿರುವುದು ಪತ್ರಿಕೆಗಳನ್ನು ಓದುವವರೆಲ್ಲರಿಗೂ ತಿಳಿದ ಸಂಗತಿ.

ಇಲ್ಲಿ ನಮ್ಮ ಒಂಬತ್ತನೆಯ ತರಗತಿಯ ಲೆಕ್ಕವೊಂದನ್ನು ಓದುಗರೂ ಮಾಡಿ ನೋಡಲಿ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. 30ಕ್ಕೆ 40 ಅಡಿಯ ನಿವೇಶನದಲ್ಲಿ ತಾರಸಿಯು 800 ಚದರಡಿ, ಎಂದರೆ ಸುಮಾರು 74 ಚದರ ಮೀಟರ್, ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 72,000 ಲೀಟರ್ ಆಯಿತು. ಆವಿಯಾಗಿ ಹೋದುದು, ಮೊದಲ ಮಳೆಯಲ್ಲಿ ಧೂಳೆಂದು ಬಿಟ್ಟುದು, ಎಲ್ಲವೂ ಸೇರಿ ಐದರಲ್ಲೊಂದು ಪಾಲನ್ನು ಕಳೆದರೂ 57,000 ಲೀಟರಿಗೆ ಕಡಿಮೆಯಿಲ್ಲ. ನಾಲ್ಕು ಜನರ ಸಂಸಾರವು ದಿನಕ್ಕೆ 400 ಲೀಟರ್ ಬಳಸಿದರೆ ಇದು ನಾಲ್ಕೂವರೆ ತಿಂಗಳಿಗಿಂತ ಹೆಚ್ಚು ಕಾಲ ಬಂದೀತು. “ಅಷ್ಟು ನೀರನ್ನು ಇಡುವುದು ಎಲ್ಲಿ?” ಎಂದು ಬುದ್ಧಿವಂತೆಯರು ಕೇಳುವರು. ಒಂದೇ ಸಲ ಇಡಬೇಕಾಗಿಲ್ಲ. ನಮ್ಮಲ್ಲಿ ಮಳೆಯು ಏಪ್ರಿಲಿನಿಂದ ನವೆಂಬರಿನವರೆಗೆ ಬಿಟ್ಟು ಬಿಟ್ಟು ಬರುವುದರಿಂದ ಸಂಪು ಬರಿದಾಗುತ್ತಲೂ ತುಂಬುತ್ತಲೂ ಇರುವುದು. 6,000 ಲೀಟರ್ ಹಿಡಿಯುವ ಸಂಪೊಂದು ತುಂಬಿದರೆ ಹದಿನೈದು ದಿನ. ಹೆಚ್ಚಾದ ನೀರನ್ನು ಇಂಗುಗುಂಡಿಗೆ ಬಿಟ್ಟರೆ ಅದು ನೆಲದೊಳಗಿನ ಭಂಡಾರಕ್ಕೆ ಸೇರುತ್ತದೆ.

ಈ ಲೆಕ್ಕವು ಗುಟ್ಟಲ್ಲ. ಮೂವತ್ತು ವರ್ಷಗಳ ಹಿಂದೆಯೂ ಗೊತ್ತಿದ್ದುದೇ. ಆದರೂ ಲೆಕ್ಕವನ್ನು ಓದಿ ಕೊಳವೆ ಜೋಡಿಸಿದವರು ವಿರಳ. ಮನೆಯನ್ನು ನೋಡಿ ಜೋಡಿಸಿದವರೇ ಹೆಚ್ಚೆಂದು ನಮಗೆ ತೋರುತ್ತದೆ. ನೆರೆಯವರು ಬಂದು ನೋಡುವರು; ಮನೆಯಾಕೆಯನ್ನು ಕೇಳುವರು: ಸಾರಿಗೆ ಈ ನೀರು ಒಗ್ಗುವುದೇ? ಬೇಳೆ ಬೇಯುವುದೇ? ಸೊಳ್ಳೆಯಾಗದೇ? ವಿಜ್ಞಾನಿಯ ಪ್ರಬಂಧವು ಉತ್ತರಿಸಲಾರದ ಪ್ರಶ್ನೆಗಳಿವು. ಅಡಿಗೆಮನೆಯಲ್ಲಿ ಒಂದು ಲೋಟ ನೀರನ್ನು ಕುಡಿಯಲು ಕೊಟ್ಟರೆ ಉತ್ತರವಾಯಿತು. ಅಮೆರಿಕದ ಅಯೋವಾ ಪ್ರಾಂತದಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಪಂಡಿತರು, ರೈತರು ಹೊಸ ಜಾತಿಯ ಜೋಳದ ಬೀಜವನ್ನು ಸ್ವೀಕರಿಸಿದ ಬಗೆಯನ್ನು ಶೋಧಿಸಿ 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿಯನ್ನು ಮೊದಲು ತಂದವರು ವರ್ತಕರು. ಆದರೆ ಬಿತ್ತುವ ಧೈರ್ಯವನ್ನು ಕೊಟ್ಟವರು ನೆರೆಹೊಲದವರು. ಸುದ್ದಿಗೂ ಬಿತ್ತನೆಗೂ ನಡುವೆ ಅನೇಕ ವರ್ಷಗಳು ಕಳೆದವು. ಅಯೋವಾದ ಜೋಳಕ್ಕೂ ವಿಜಯನಗರದ ಸಂಪಿಗೂ ಈ ವಿಷಯದಲ್ಲಿ ಭೇದವಿಲ್ಲ.

ಕಂಡು ಮೆಚ್ಚಿದ ಮೇಲೆಯೂ ಒಂದು ತೊಡಕು ಉಳಿಯುವುದು: ಮಾಡಿಕೊಡುವವರು ಬೇಕು. ಮೊದಮೊದಲು ಮರಳು ಜಲ್ಲಿಗಳನ್ನು ತುಂಬಿದ ದೊಡ್ಡ ಸೋಸುತೊಟ್ಟಿಯನ್ನು ಕಟ್ಟಿಸಬೇಕಾಗುತ್ತಿತ್ತು. ಅದಕ್ಕೆ ಸ್ಥಳವೂ ಬೇಕು, ಆಗಾಗ್ಗೆ ತೊಳೆಯುವ ತಾಳ್ಮೆಯೂ ಬೇಕು. ಶಿವಕುಮಾರರು ಗೋಡೆಯ ಕೊಳವೆಗೇ ಜೋಡಿಸಬಹುದಾದ ಚಿಕ್ಕ ಸೋಸುಕವೊಂದನ್ನು ರೂಪಿಸಿದರು. ಕಸ ಕಟ್ಟಿಕೊಂಡರೆ ಅದರ ಒಳಭಾಗವು ತಾನೇ ಮೇಲೆದ್ದು ನೀರನ್ನು ಹೊರಗೆ ಬಿಡುವುದು, ತಾರಸಿಯಲ್ಲಿ ನೀರು ನಿಲ್ಲದು. ಪ್ಲಂಬರುಗಳಿಗೆ ತರಬೇತಿ ನಡೆಯಿತು. ಜಯನಗರದಲ್ಲಿ ಜಲಮಂಡಳಿಯು 2011ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆನೀರಿನ ಕೊಯ್ಲಿನ ಉದ್ಯಾನವನ್ನು ತೆರೆದು, ನಾನಾ ಬಗೆಯ ಮಾದರಿಗಳನ್ನು ಜನರ ಕಣ್ಣಿಗೆ ಇಟ್ಟಿತು. ಬೀದಿಯ ಪ್ಲಂಬರಿಗೆ ತಿಳಿಯದ ವಿದ್ಯೆಯು ಊರಿನ ವಿದ್ಯೆಯಾಗಲಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಈ ನಡುವೆ ಕಾಯಿದೆಯೂ ಬಂದಿತು. 2009ರಲ್ಲಿ ಜಲಮಂಡಳಿಯ ಕಾಯಿದೆಯನ್ನು ತಿದ್ದಿ, 30ಕ್ಕೆ 40 ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳೂ, 40ಕ್ಕೆ 60 ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳೂ ಮಳೆಯ ನೀರನ್ನು ಹಿಡಿಯಲೇಬೇಕೆಂದು ವಿಧಿಸಲಾಯಿತು. ಕೆಲವು ವರ್ಷಗಳ ಮೇಲೆ, ಹಿಡಿಯದವರ ನೀರಿನ ಬಿಲ್ಲಿಗೆ ದಂಡವನ್ನೂ ಸೇರಿಸತೊಡಗಿದರು. ಕಾಯಿದೆಯಿಂದ ಬಹಳ ಮನೆಗಳು ಈ ದಾರಿಗೆ ಬಂದುದು ನಿಜ. ಆದರೆ ತಿಂಗಳು ತಿಂಗಳೂ ದಂಡವನ್ನು ತೆತ್ತು ಸುಮ್ಮನಿದ್ದವರು ಸಾವಿರಾರು ಮಂದಿ. ಅಧಿಕಾರಿಯ ಕಣ್ಣಿಗೆಂದು ಕೊಳವೆಯನ್ನು ಹಾಕಿಸಿ ಅದರ ಬಾಯನ್ನು ಮೋರಿಗೇ ಬಿಟ್ಟ ಮನೆಗಳನ್ನೂ ನಾವು ಕಂಡಿದ್ದೇವೆ! ಮದರಾಸಿನ ಅನುಭವವೂ ಇದೇ. ಅಲ್ಲಿಯ ಸರಕಾರವು 2003ರಲ್ಲಿ ಗಡುವನ್ನಿಟ್ಟು ಎಲ್ಲ ಕಟ್ಟಡಗಳಿಗೂ ಈ ವಿಧಿಯನ್ನು ಹಾಕಿತು, ಬಾವಿಗಳಲ್ಲಿ ನೀರು ಮೇಲಕ್ಕೆ ಬಂದಿತು, ಎಲ್ಲರೂ ಹೊಗಳಿದರು. ಆಮೇಲೆ ಕೊಳವೆಗಳನ್ನು ಶುಚಿಮಾಡುವುದನ್ನು ಬಹಳ ಮಂದಿ ಮರೆತರು. 2019ರ ಬೇಸಗೆಯಲ್ಲಿ ಆ ನಗರದ ಜಲಾಶಯಗಳು ಬತ್ತಿದಾಗ ಜನರು ಮತ್ತೆ ಕೊಡಗಳ ಸಾಲಿನಲ್ಲಿ ನಿಂತರು. ಕಾಯಿದೆಯು ಕೊಳವೆಯನ್ನು ಹಾಕಿಸಬಲ್ಲದು. ವರ್ಷವರ್ಷವೂ ತಾರಸಿಯನ್ನು ಗುಡಿಸುವುದು ಮನೆಯವರ ಕೈಯ ಕೆಲಸ.

ನಮ್ಮ ಊರಿನ ಸರದಿಯು 2024ರಲ್ಲಿ ಬಂದಿತು. ಹಿಂದಿನ ವರ್ಷ ಮಳೆ ತಪ್ಪಿತ್ತು. ಸರಕಾರವೇ ಹೇಳಿದಂತೆ ನಗರದ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿದ್ದುವು. ಕುಡಿಯುವ ನೀರಿನಿಂದ ಗಾಡಿಗಳನ್ನು ತೊಳೆದರೆ, ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಸಾರಿತು. ಆ ತಿಂಗಳು ಮೊದಲನೆಯ ಪಾಠಕ್ಕೆ ತಡವಾಗಿ ಬಂದ ಬಾಲಿಕೆಯರನ್ನು ಕಾರಣ ಕೇಳಿದರೆ, ಟ್ಯಾಂಕರು ಎಂಬ ಒಂದೇ ಉತ್ತರ. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವಳು ಅಕ್ಕ. ತಮ್ಮನು ಹೊತ್ತಿಗೆ ಸರಿಯಾಗಿ ತನ್ನ ಶಾಲೆಗೆ ಹೋಗಿರುತ್ತಿದ್ದನು. ಪೋಷಕರು ಇದನ್ನು ತಪ್ಪಾಗಿ ಭಾವಿಸಬಾರದು. ಹಾಜರಿ ಪುಸ್ತಕದಲ್ಲಿ ಕಂಡುದನ್ನು ಹೇಳಿದೆವು. ನೀರಿನ ಕೊರತೆಯ ಲೆಕ್ಕವನ್ನು ಲೀಟರುಗಳಲ್ಲಿ ಬರೆಯುವವರು ಹೆಣ್ಣುಮಕ್ಕಳು ಕಳೆದುಕೊಂಡ ಪಾಠಗಳನ್ನೂ ಅದರಲ್ಲಿ ಬರೆಯತಕ್ಕದ್ದು.

ಅದೇ ವರ್ಷ, ಮೇಲೆ ಹೇಳಿದ ತಾರಸಿಯ ಲೆಕ್ಕವನ್ನು ಕೊಟ್ಟಾಗ, ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, “ಮಿಸ್, ನಮ್ಮದು ಬಾಡಿಗೆ ಮನೆ. ತಾರಸಿ ಓನರದು. ನಾವು ಅಳೆದು ಏನು ಮಾಡುವುದು?” ಎಂದಳು. ತರಗತಿಯಲ್ಲಿ ನಗುವೆದ್ದಿತು. ಪ್ರಶ್ನೆಯು ನಗತಕ್ಕದ್ದಾಗಿರಲಿಲ್ಲ. ಕಾಯಿದೆಯು ಮಾತನಾಡುವುದು ಯಜಮಾನನೊಡನೆ; ಕೊಡ ಹಿಡಿದು ನಿಲ್ಲುವವಳು ಬಾಡಿಗೆದಾರಳು. ಟ್ಯಾಂಕರಿನ ಹಣವನ್ನು ಬಾಡಿಗೆಯವರೇ ಕೊಡುವರಾದರೆ ಯಜಮಾನನು ಸೋಸುಕಕ್ಕೆ ಏಕೆ ವೆಚ್ಚ ಮಾಡಿಯಾನು? ತೀರ್ಮಾನ ಮಾಡುವವನು ಒಬ್ಬನು, ಕಷ್ಟಪಡುವವಳು ಇನ್ನೊಬ್ಬಳು ಎಂಬಲ್ಲಿ ಒಳ್ಳೆಯ ವಾಡಿಕೆಯು ಬೇರೂರುವುದು ನಿಧಾನ. ಇದಕ್ಕೆ ಉತ್ತರವನ್ನು ಕಂಡುಕೊಂಡವಳು ಕಾಮಾಕ್ಷಿಪಾಳ್ಯದ ವಠಾರವೊಂದರಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿ. ಹೆಸರನ್ನು ಬರೆಯಕೂಡದೆಂದು ಆಕೆಯೇ ಕೇಳಿಕೊಂಡಿದ್ದಾಳೆ. ನಾಲ್ಕು ಬಾಡಿಗೆ ಮನೆಯವರೂ ಸೇರಿ ಸೋಸುಕವನ್ನೂ ಕೊಳವೆಯನ್ನೂ ಕೊಳ್ಳುವುದೆಂದೂ, ಮಳೆಗಾಲದ ತಿಂಗಳುಗಳಲ್ಲಿ ನೀರಿನ ಹಣವನ್ನು ಯಜಮಾನರು ತಗ್ಗಿಸುವುದೆಂದೂ ಮಾತಾಡಿಕೊಂಡರು. ಮಾತು ಮೊದಲು ನಡೆದುದು ಯಜಮಾನರ ಪತ್ನಿಯೊಡನೆ, ಸಾಯಂಕಾಲ ಹೂ ಕಟ್ಟುತ್ತ ಕುಳಿತಿದ್ದಾಗ. ಸಂಪು ಮೊದಲೇ ಇದ್ದಿತು. ಪ್ಲಂಬರಿಗೆ ಒಂದು ದಿನದ ಕೆಲಸ. ಆ ಬೀದಿಯಲ್ಲಿ ಈಗ ಇನ್ನೆರಡು ವಠಾರದವರು ಬಂದು ನೋಡಿಹೋಗಿದ್ದಾರಂತೆ.

ಮಳೆಯ ನೀರಿನಲ್ಲಿ ಒಂದು ಅನುಕೂಲವಿದೆ. ಯಾರು ಹಿಡಿಯುವರೋ ಅವರದೇ ಸಂಪು ತುಂಬುವುದು. ಎಲ್ಲ ವಾಡಿಕೆಗಳೂ ಹೀಗಿಲ್ಲ. ಕಸದ ಸಂಗತಿಯನ್ನು ನೋಡಿರಿ. ಹಸಿ ಕಸ ಒಣ ಕಸಗಳನ್ನು ಬೇರ್ಪಡಿಸುವುದರಿಂದ ಬೇರ್ಪಡಿಸಿದವಳಿಗೆ ಲಾಭವೇನು? ನಮ್ಮ ಕಸವು ಯಲಹಂಕದ ಆಚೆಯ ಮಾವಳ್ಳಿಪುರಕ್ಕೆ ಹೋಗಿ ಬೀಳುತ್ತಿದ್ದಾಗ ನಮಗೆ ವಾಸನೆ ಬರಲಿಲ್ಲ. 2012ರಲ್ಲಿ ಆ ಹಳ್ಳಿಯವರು ಇನ್ನು ಸಾಕೆಂದು ಲಾರಿಗಳನ್ನು ತಡೆದರು. ರಾಶಿಯ ಸ್ಥಳವು ಮುಚ್ಚಿತು. ನಗರದ ಮೂಲೆಮೂಲೆಗಳಲ್ಲಿ ಕಸವು ಬೆಟ್ಟದಂತಾಯಿತು. ಆ ವರ್ಷವೇ ಉಚ್ಚ ನ್ಯಾಯಾಲಯವು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಆಜ್ಞಾಪಿಸಿತು. 2015ರಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬಿ, ಬಳಸಿ ಬಿಸುಡುವ ಹೊಲಸಿಗೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ ಎಂಬ ಕ್ರಮವನ್ನೂ ಕೊಟ್ಟಿತು. ಇಲ್ಲಿ ಊರಿಗೆ ಕಲಿಸಿದವರು ನೆರೆಮನೆಯವರಲ್ಲ. ದೂರದಲ್ಲಿದ್ದು ನಮ್ಮ ಹೊಲಸನ್ನು ಹೊತ್ತು ಬಾಯಿ ತೆರೆದ ಹಳ್ಳಿಗರು. ನೊಂದವರ ಮಾತು ನ್ಯಾಯಾಲಯಕ್ಕೆ ಮುಟ್ಟಿದಲ್ಲಿ ಕಾಯಿದೆಗೆ ಬಲ ಬರುವುದು. ಈಗಲೂ ಎಲ್ಲರೂ ಬೇರ್ಪಡಿಸುತ್ತಾರೆಂದು ಹೇಳಲಾರೆವು. ಆದರೆ ಬೆಳಿಗ್ಗೆ ಗಾಡಿಯೊಡನೆ ಬರುವಾಕೆ ಡಬ್ಬಿಯನ್ನು ತೆರೆದು ನೋಡುವಳೆಂಬ ಸಂಕೋಚವು ಬಹಳ ಮನೆಗಳಲ್ಲಿ ಹುಟ್ಟಿದೆ.

ಇವೆರಡರ ಜೊತೆಗೆ ವೃಷಭಾವತಿಯನ್ನು ಇಟ್ಟು ನೋಡಿದರೆ ನಮ್ಮ ಪಾಠದ ಕಷ್ಟದ ಭಾಗ ತಿಳಿಯುವುದು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುವುದೆಂದು ಪ್ರತೀತಿಯಿರುವ ಈ ಹೊಳೆಯು ಮೈಸೂರು ರಸ್ತೆಯ ಮಗ್ಗುಲಲ್ಲಿ ಗಾಳಿ ಆಂಜನೇಯನ ಗುಡಿಯ ಬಳಿ ಹಾಯ್ದು, ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲದ ಜಲಾಶಯವನ್ನು ಸೇರುವುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬಚ್ಚಲ ನೀರೂ ಕಾರ್ಖಾನೆಗಳ ಕೊಳೆಯೂ ಇದರಲ್ಲಿ ಕೂಡಿಕೊಳ್ಳುತ್ತವೆ. ಶುದ್ಧಿಗೊಳಿಸುವ ಯಂತ್ರಾಗಾರಗಳಿದ್ದರೂ ಹೊಳೆಯು ಕಪ್ಪಾಗಿಯೇ ಹರಿಯುತ್ತಿದೆ. ಕೆಂಗೇರಿಯಿಂದ ಬರುವ ನಮ್ಮ ಬಾಲಿಕೆಯರು ಬಸ್ಸು ಸೇತುವೆಯ ಮೇಲೆ ಬಂದಾಗ ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿಯುತ್ತಾರೆ. ಬೈರಮಂಗಲದ ರೈತನು ಮೂಗು ಮುಚ್ಚಿಕೊಂಡರೆ ತೀರದು. ಅದೇ ನೀರನ್ನು ಅವನು ಹೊಲಕ್ಕೆ ಹಾಯಿಸಬೇಕು. ವಿಜಯನಗರದ ಸಂಪು ತುಂಬಿದುದನ್ನು ನೆರೆಯವರು ಕಂಡರು. ಮಾವಳ್ಳಿಪುರದವರು ಲಾರಿಯನ್ನು ತಡೆದರು. ಹೊಳೆಯನ್ನು ತಡೆಯುವುದು ಹೇಗೆ? ಯಾವ ಮನೆಯ ಬಚ್ಚಲಿನಿಂದ ಯಾವುದು ಹೋಯಿತೆಂದು ಹೇಳುವವರಾರು? ಕಣ್ಣಿಗೆ ಕಾಣದ ದೋಷಕ್ಕೆ ಸಂಕೋಚವೂ ಹುಟ್ಟದು, ನೆರೆಯವರ ಅನುಕರಣವೂ ನಡೆಯದು. ಇಲ್ಲಿ ಸರಕಾರದ ಕೆಲಸವೇ ಮೊದಲಿನದು, ಅದು ತಡವಾಗಿದೆ ಎಂದು ನಾವು ಮುಚ್ಚುಮರೆಯಿಲ್ಲದೆ ಹೇಳುವೆವು. ಆದರೂ ಜನರು ಹೊಳೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡದಿದ್ದರೆ ಸರಕಾರವನ್ನು ಕೇಳುವ ಬಾಯಿಯೂ ಅವರಿಗೆ ಬರುವುದಿಲ್ಲ.

ಬರುವ ಡಿಸೆಂಬರ್ ತಿಂಗಳಿನಲ್ಲಿ ಒಂಬತ್ತನೆಯ ತರಗತಿಯವರನ್ನು ಭೂಗೋಳದ ಪಾಠಕ್ಕಾಗಿ ಬಸವನಗುಡಿಯಿಂದ ಹೊರಟು ಕೆಂಗೇರಿಯ ಮಾರ್ಗವಾಗಿ ಬೈರಮಂಗಲದವರೆಗೆ ಕರೆದುಕೊಂಡು ಹೋಗಲು ನಿಶ್ಚಯಿಸಿದ್ದೇವೆ. ಅಲ್ಲಿಯ ರೈತರೊಡನೆ ಮಾತನಾಡುವುದಕ್ಕೂ ಏರ್ಪಾಡಾಗುತ್ತಿದೆ. ಬಾಲಿಕೆಯರ ಜೊತೆಯಲ್ಲಿ ಬರಲು ಇಷ್ಟವುಳ್ಳ ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ನವೆಂಬರ್ ಮುಗಿಯುವುದರೊಳಗಾಗಿ ಶಾಲೆಯ ಕಛೇರಿಯಲ್ಲಿ ಹೆಸರನ್ನು ಬರೆಯಿಸತಕ್ಕದ್ದು. ಬುತ್ತಿಯನ್ನೂ ಕುಡಿಯುವ ನೀರನ್ನೂ ಮನೆಯಿಂದಲೇ ತರತಕ್ಕದ್ದು.